ವಾಸನೆ ಹೋಗಿದೆಯೇ? ಮೂಗಿಗೆ ಮತ್ತೆ ಅಭ್ಯಾಸ ಮಾಡಿಸುವುದು ಹೀಗೆ

ಜ್ವರ ಬಿಟ್ಟಿದೆ, ಕಟ್ಟಿದ ಮೂಗು ಬಿಟ್ಟಿದೆ. ಆದರೂ ಒಗ್ಗರಣೆಗೆ ಇಂಗು ಬಿದ್ದದ್ದು ಗೊತ್ತಾಗುತ್ತಿಲ್ಲ, ಸಾರು ಬರೀ ಹುಳಿನೀರಿನ ಹಾಗಿದೆ. ಕೋವಿಡ್ ಬಂದ ಮೇಲೆ ಈ ತೊಂದರೆಯ ಬಗ್ಗೆ ಮಾತು ಜಾಸ್ತಿಯಾಯಿತು. ಆದರೆ ಸಾಮಾನ್ಯ ಶೀತ, ಫ್ಲೂ ಬಂದು ಹೋದ ಮೇಲೂ ಹೀಗಾಗುವುದುಂಟು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ವಾಸನೆ ತಾನಾಗಿಯೇ ಮರಳುತ್ತದೆ. ಮರಳದಿದ್ದರೆ ಕೈಕಟ್ಟಿ ಕೂರಬೇಕಿಲ್ಲ. ಮನೆಯಲ್ಲೇ ಮಾಡಬಹುದಾದ ಅಭ್ಯಾಸವೊಂದಿದೆ: ನಾಲ್ಕು ಬೇರೆ ಬೇರೆ ವಾಸನೆಗಳನ್ನು ದಿನವೂ ಗಮನವಿಟ್ಟು ಮೂಸುವುದು. ಖರ್ಚು ಕಡಿಮೆ, ತಾಳ್ಮೆ ಮಾತ್ರ ಬಹಳ ಬೇಕು.

ಹೋಗಿರುವುದು ರುಚಿಯೋ, ವಾಸನೆಯೋ?

ಚಿಟಿಕೆ ಸಕ್ಕರೆ, ಆಮೇಲೆ ಉಪ್ಪು, ಆಮೇಲೆ ಒಂದು ಹನಿ ನಿಂಬೆರಸ. ಒಂದೊಂದಾಗಿ ನಾಲಿಗೆಯ ಮೇಲಿಟ್ಟು ನೋಡಿ, ನಡುವೆ ಬಾಯಿ ಮುಕ್ಕಳಿಸಿ. ಮೂರೂ ಗೊತ್ತಾದರೆ ನಿಮ್ಮ ನಾಲಿಗೆ ಬಹುಮಟ್ಟಿಗೆ ಸರಿಯಿದೆ, ತೊಂದರೆ ಇರುವುದು ಮೂಗಿನಲ್ಲಿ. "ರುಚಿ ಹೋಯಿತು" ಎನ್ನುವ ಬಹಳ ಜನರ ಕಥೆ ಇದೇ. ಸಂದೇಹವಿದ್ದರೆ ಮನೆಯಲ್ಲಿ ಆರೋಗ್ಯವಾಗಿರುವ ಯಾರಾದರೂ ಮೂಗು ಹಿಡಿದುಕೊಂಡು ಏಲಕ್ಕಿ ಅಗಿಯಲಿ. ಸ್ವಲ್ಪ ಕಹಿ, ಸ್ವಲ್ಪ ತಂಪು, ಅಷ್ಟೇ. ಮೂಗು ಬಿಟ್ಟ ಕೂಡಲೇ ಏಲಕ್ಕಿಯ ಘಮ ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ. ನಾವು ರುಚಿ ಎಂದುಕೊಂಡದ್ದರಲ್ಲಿ ಹೆಚ್ಚಿನ ಪಾಲು ಹೀಗೆ ಬರುವುದು. ಖಾರದ ಉರಿಯನ್ನು ತಿಳಿಸುವ ನರವೇ ಬೇರೆ. ಹಾಗಾಗಿ ವಾಸನೆ ಹೋದವರಿಗೂ ಮೆಣಸಿನಕಾಯಿ ಚುರುಕು ಮುಟ್ಟಿಸುತ್ತದೆ.

ಮೂಗಿನೊಳಗೆ ತೀರಾ ಮೇಲ್ಗಡೆ, ವಾಸನೆ ಹಿಡಿಯುವ ನರಕೋಶಗಳ ಪುಟ್ಟ ಜಾಗವಿದೆ. ಕೋವಿಡ್ ವೈರಸ್ ಮುಖ್ಯವಾಗಿ ಹೊಡೆಯುವುದು ಈ ನರಕೋಶಗಳಿಗೆ ಆಸರೆಯಾಗಿರುವ ಅಕ್ಕಪಕ್ಕದ ಕೋಶಗಳನ್ನು. ಆಸರೆ ಹೋದಾಗ ನರಕೋಶಗಳೂ ಸೊರಗುತ್ತವೆ. ಸಮಾಧಾನದ ವಿಷಯವೆಂದರೆ, ಈ ನರಕೋಶಗಳು ದೊಡ್ಡವರಲ್ಲೂ ಹೊಸದಾಗಿ ಹುಟ್ಟಬಲ್ಲವು. ಆದರೆ ಅವು ಬೆಳೆದು ಮಿದುಳಿನ ಜೊತೆ ಸರಿಯಾಗಿ ಕೂಡಿಕೊಳ್ಳಲು ತಿಂಗಳುಗಳೇ ಬೇಕು.

ನಾಲ್ಕು ಬಾಟಲಿ ಜೋಡಿಸಿಕೊಳ್ಳಿ

2009ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ವಾಸನೆಯ ಸಂಶೋಧಕ ಥಾಮಸ್ ಹುಮೆಲ್ ಮತ್ತು ಅವರ ಜೊತೆಗಾರರು ಈ ಅಭ್ಯಾಸದ ಫಲಿತಾಂಶ ಪ್ರಕಟಿಸಿದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕನ್ನು ದಿನಕ್ಕೆ 2 ಸಲದಂತೆ 12 ವಾರ ಮೂಸಿದವರ ಮೂಗು, ಮೂಸದವರಿಗಿಂತ ಚೆನ್ನಾಗಿ ಸುಧಾರಿಸಿತ್ತು. ಒಂದು ಹೂವಿನದು, ಒಂದು ಹಣ್ಣಿನದು, ಒಂದು ಮಸಾಲೆಯದು, ಒಂದು ಮರದ ಎಣ್ಣೆಯದು. ಒಂದಕ್ಕೊಂದು ಸಂಬಂಧವಿಲ್ಲದ ವಾಸನೆ ಇರಲಿ ಎಂದೇ ಈ ಆಯ್ಕೆ.

ನಮ್ಮ ಮನೆಗಳಲ್ಲಿ ಇವು ಸುಲಭವಾಗಿ ಸಿಗುತ್ತವೆ. ಮುಚ್ಚಳ ಬಿಗಿಯಾಗಿ ಕೂರುವ ನಾಲ್ಕು ಪುಟ್ಟ ಗಾಜಿನ ಬಾಟಲಿ ತೊಳೆದು ಪೂರ್ತಿ ಒಣಗಿಸಿ. ಒಂದಕ್ಕೆ ಲವಂಗ ಹಾಕಿ. ಇಡಿಯಾಗಿ ಹಾಕಿದರೆ ವಾಸನೆ ಒಳಗೇ ಉಳಿಯುತ್ತದೆ, ತರಿತರಿಯಾಗಿ ಜಜ್ಜಿ ಹಾಕಿ. ಇನ್ನೊಂದಕ್ಕೆ ನಿಂಬೆಯ ಸಿಪ್ಪೆ, ಹಸಿರು ಭಾಗವನ್ನು ಉಗುರಿನಿಂದ ಕೆರೆದರೆ ಎಣ್ಣೆ ಹೊರಬರುತ್ತದೆ. ಇದು ಬೇಗ ಕೆಡುವುದರಿಂದ ದಿನವೂ ಬದಲಿಸಿ. ಮೂರನೆಯದಕ್ಕೆ ಹತ್ತಿ ಉಂಡೆಯ ಮೇಲೆ ಎರಡು ಹನಿ ನೀಲಗಿರಿ ಎಣ್ಣೆ. ನಾಲ್ಕನೆಯದಕ್ಕೆ ಗುಲಾಬಿ. ಬೊಕೆ ಅಂಗಡಿಯ ಉದ್ದ ಕಡ್ಡಿಯ ಗುಲಾಬಿಗಳಿಗೆ ಎಷ್ಟೋ ಸಲ ಘಮವೇ ಇರುವುದಿಲ್ಲ. ಪನ್ನೀರು ಗುಲಾಬಿಯ ಎಸಳು ಅಥವಾ ಪನ್ನೀರು ಅದ್ದಿದ ಹತ್ತಿ ಒಳ್ಳೆಯದು. ಅದು ಸಿಗದಿದ್ದರೆ ಮಲ್ಲಿಗೆ ಆಗಬಹುದು. ಊದುಬತ್ತಿ ಬೇಡ, ಹೊಗೆ ಮೂಗನ್ನು ಕೆರಳಿಸುತ್ತದೆ. ಎಣ್ಣೆಯನ್ನು ಮೂಗಿಗೆ, ಚರ್ಮಕ್ಕೆ ತಾಗಿಸಬೇಡಿ. ಮಕ್ಕಳಿರುವ ಮನೆಯಲ್ಲಿ ನೀಲಗಿರಿ ಎಣ್ಣೆಯನ್ನು ಕೈಗೆಟುಕದ ಕಡೆ ಇಡಿ, ಹೊಟ್ಟೆಗೆ ಹೋದರೆ ಅಪಾಯ.

ಮೂಸುವ ಕ್ರಮ

ಬೆಳಿಗ್ಗೆ ತಿಂಡಿಗೆ ಮೊದಲೊಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ. ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದು, ಜೋರಾಗಿ ಎಳೆಯದೆ, ಪುಟ್ಟ ಪುಟ್ಟದಾಗಿ ಸುಮಾರು 10 ಸೆಕೆಂಡ್ ಮೂಸಿ. ಸ್ವಲ್ಪ ಬಿಡುವು ಕೊಟ್ಟು ಮುಂದಿನದು.

ಮೂಸುವಾಗ ಮನಸ್ಸು ಅಲ್ಲೇ ಇರಬೇಕು. ಟಿವಿ ನೋಡುತ್ತಾ ಸುಮ್ನೆ ಬಾಟಲಿ ಹಿಡಿದರೆ ಅಭ್ಯಾಸ ಎನಿಸಿಕೊಳ್ಳುವುದಿಲ್ಲ. ಲವಂಗವಾದರೆ ಪಲಾವಿನ ಪಾತ್ರೆಯ ಮುಚ್ಚಳ ತೆಗೆದ ಗಳಿಗೆಯನ್ನು ನೆನಪಿಸಿಕೊಳ್ಳಿ. ಆ ವಾಸನೆ ಹೇಗಿತ್ತು ಎಂದು ಮನಸ್ಸಿನಲ್ಲೇ ಹುಡುಕಿ. ಮೊದಲ ದಿನಗಳಲ್ಲಿ ಏನೂ ಸಿಗದಿರಬಹುದು. ಆಮೇಲೊಂದು ದಿನ "ಏನೋ ಇದೆ, ಏನೆಂದು ಗೊತ್ತಿಲ್ಲ" ಅನಿಸಿದರೆ ಅದನ್ನೂ ತಾರೀಖು ಹಾಕಿ ಬರೆದಿಡಿ. ನಿಧಾನದ ಬದಲಾವಣೆ ನೆನಪಿನಲ್ಲಿ ಉಳಿಯುವುದಿಲ್ಲ, ಪುಸ್ತಕದಲ್ಲಿ ಕಾಣುತ್ತದೆ. 12 ವಾರಕ್ಕೇ ನಿಲ್ಲಿಸಬೇಡಿ. ಆಮೇಲೆ ಏಲಕ್ಕಿ, ಶುಂಠಿ, ಕಿತ್ತಳೆ ಸಿಪ್ಪೆ ಎಂದು ಬಾಟಲಿ ಬದಲಿಸಿ ಮುಂದುವರಿಸಿ.

ಕಾಫಿಯೇ ನಾರತೊಡಗಿದರೆ

ಹಲವರು ಹೆದರಿ ಅಭ್ಯಾಸ ಬಿಡುವುದು ಇಲ್ಲಿ. ವಾಸನೆ ಹೋಗಿ ಕೆಲವು ತಿಂಗಳಾದ ಮೇಲೆ ಕಾಫಿ, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ, ಮಾಂಸ ಇವೆಲ್ಲ ಸುಟ್ಟ ರಬ್ಬರಿನ ಹಾಗೆ, ಕೊಳೆತದ್ದರ ಹಾಗೆ ನಾರಬಹುದು. ಮೂಗಿನ ನರಗಳು ಮಿದುಳಿಗೆ ಅರ್ಧಂಬರ್ಧ ಸುದ್ದಿ ಕಳಿಸುತ್ತಿರುವುದರಿಂದ ಹೀಗಾಗುತ್ತದೆ. ಅನುಭವಿಸುವವರಿಗೆ ಘೋರ, ಆದರೆ ಎಷ್ಟೋ ಸಲ ಇದು ನರಗಳು ಚೇತರಿಸಿಕೊಳ್ಳುತ್ತಿರುವ ಗುರುತು. ಮನೆಯವರಿಗೆ ಒಂದು ಮಾತು: ಅವರು ತಟ್ಟೆ ಪಕ್ಕಕ್ಕೆ ಸರಿಸಿದರೆ ಅದು ನಖರಾ ಅಲ್ಲ. "ಚೆನ್ನಾಗೇ ಇದೆ, ತಿನ್ನು" ಎಂದು ಒತ್ತಾಯ ಮಾಡಬೇಡಿ. ಬಿಸಿ ಆರಿದ ಊಟದಲ್ಲಿ ವಾಸನೆ ಕಡಿಮೆ. ಮೊಸರನ್ನ, ಇಡ್ಲಿಯಂಥ ಸಪ್ಪೆ ತಿನಿಸು ಹಲವರಿಗೆ ಹಿಡಿಸುತ್ತದೆ. ಹುರಿದದ್ದು, ಕರಿದದ್ದು ಸದ್ಯಕ್ಕೆ ಬೇಡ. ವಾಸನೆಯೇ ಇಲ್ಲದವರು ರುಚಿಗಾಗಿ ಉಪ್ಪು, ಸಕ್ಕರೆ ಸುರಿದುಕೊಳ್ಳದೆ ಹುರಿಗಡಲೆಯ ಗರಿಗರಿ, ಕಾಳುಮೆಣಸಿನ ಖಾರ, ನಿಂಬೆಯ ಹುಳಿ ಸೇರಿಸಿಕೊಳ್ಳಲಿ.

ಅಡುಗೆಮನೆಯಲ್ಲಿ ಎಚ್ಚರ

ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲೆಂದೇ ನಾತ ಬೆರೆಸಿರುತ್ತಾರೆ. ಆ ನಾತವೇ ನಿಮಗೆ ತಿಳಿಯದಿದ್ದರೆ ಗ್ಯಾಸ್ ಡಿಟೆಕ್ಟರ್ ಹಾಕಿಸಿ, ರಾತ್ರಿ ರೆಗ್ಯುಲೇಟರ್ ಬಂದ್ ಮಾಡಿ. ಸೋರಿಕೆಯಾದರೆ ಕರೆ ಮಾಡಬೇಕಾದ ನಂಬರ್ 1906. ಅದನ್ನು ಹೊರಗೆ ಬಂದು ಮಾಡಿ, ಒಳಗೆ ಸ್ವಿಚ್ ಮುಟ್ಟಬೇಡಿ. ಫ್ರಿಜ್‌ನಲ್ಲಿಡುವ ಡಬ್ಬಿಗಳ ಮೇಲೆ ತಾರೀಖು ಬರೆಯಿರಿ. ಹಳಸಿದೆಯೇ ಎಂದು ಬೇರೆಯವರಿಂದ ಮೂಸಿಸಿ, ಒಬ್ಬರೇ ಇದ್ದು ಅನುಮಾನ ಬಂದರೆ ಚೆಲ್ಲಿಬಿಡಿ.

ಡಾಕ್ಟರ ಬಳಿ ಯಾವಾಗ?

ಒಂದು ತಿಂಗಳಾದರೂ ವಾಸನೆ ಬರದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಮೂಗಿನಲ್ಲಿ ದುರ್ಮಾಂಸ, ಸೈನಸ್ ಏನಾದರೂ ಇದೆಯೇ ಎಂದು ಅವರು ಸಣ್ಣ ಕ್ಯಾಮೆರಾದಿಂದ ನೋಡುತ್ತಾರೆ. ಯಾರೋ ಹೇಳಿದರೆಂದು ಸ್ಟಿರಾಯ್ಡ್ ಮಾತ್ರೆ ನುಂಗಬೇಡಿ, ಬೆಳ್ಳುಳ್ಳಿ ರಸ ಮೂಗಿಗೆ ಬಿಡಬೇಡಿ. ಜಿಂಕ್ ಇರುವ ಮೂಗಿನ ಔಷಧಿಯಂತೂ ಬೇಡವೇ ಬೇಡ. ಇದ್ದ ವಾಸನೆಯೂ ಹೋಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲೇ ಅಂಥ ಕೆಲವು ಔಷಧಿಗಳ ವಿರುದ್ಧ ಎಚ್ಚರಿಸಿದೆ. ಶೀತ-ಜ್ವರ ಏನೂ ಇಲ್ಲದೆ ವಾಸನೆ ಹೋದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಹೋದರೆ, ಒಂದೇ ಹೊಳ್ಳೆ ಕಟ್ಟಿ ಅದರಿಂದ ರಕ್ತ ಬರುತ್ತಿದ್ದರೆ, ಕಣ್ಣು ಮಂಜಾದರೆ ತಿಂಗಳವರೆಗೆ ಕಾಯಬೇಡಿ, ಕೂಡಲೇ ಹೋಗಿ.