ಬೆಳಗಿನವರೆಗೆ ನಿಲ್ಲುವ ಗೂಡು: ಎನ್‌ಐಸಿಯುನಲ್ಲಿ ನನ್ನ ಅನುಭವ

ರಾತ್ರಿ ಪಾಳಿ ಆರಂಭವಾಗುವಾಗ, ಅವಧಿಗೆ ಮುನ್ನ ಹುಟ್ಟಿದ ಮಗುವನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನೊಳಗೆ ಕಟ್ಟಿದ ಬಟ್ಟೆಯ ಗೂಡು ಬೆಳಗಿನ ರೌಂಡ್ಸ್ ಹೊತ್ತಿಗೂ ಅದೇ ಆಕಾರದಲ್ಲಿರಬೇಕು, ಅದರೊಳಗಿನ ಮಗುವಿನ ಕಾಲುಗಳು ಮಡಿಚಿಕೊಂಡೇ ಇರಬೇಕು, ಕೈಗಳು ಮುಖದ ಹತ್ತಿರವೇ ಇರಬೇಕು. ಹೇಳಲು ಇಷ್ಟೇ. ಆದರೆ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ದುಡಿಯುವ, ಮಕ್ಕಳ ಭಂಗಿ ಮತ್ತು ಚಲನೆಯ ಆರೈಕೆ ನೋಡಿಕೊಳ್ಳುವ ಆಕ್ಯುಪೇಷನಲ್ ಥೆರಪಿಸ್ಟ್‌ಗಳಿಗೆಲ್ಲ ಗೊತ್ತಿರುವಂತೆ, ನಾವು ಕಟ್ಟಿದ ಗೂಡು ನಾವು ಕೈ ತೊಳೆದು ಹೊರಬರುವವರೆಗೆ ಅಂದವಾಗಿರುತ್ತದೆ, ಮೊದಲ ಡಯಾಪರ್ ಬದಲಿಸುವಷ್ಟರಲ್ಲಿ ಬಿಚ್ಚಿಕೊಂಡು ಮೂಲೆ ಸೇರಿರುತ್ತದೆ. ನಮ್ಮ ಘಟಕದಲ್ಲಿ ಈಗ ಹಾಗಾಗುವುದಿಲ್ಲ. ಅದಕ್ಕೆ ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು. ‘ಬಟ್ಟೆ ಸುತ್ತಿಟ್ಟು ಏನು ಸಾಧಿಸುತ್ತೀರಿ’ ಎಂದು ನಗುತ್ತಿದ್ದವರೇ ಇಂದು ಹೊಸ ಮಗು ದಾಖಲಾದ ಕೂಡಲೇ ಗೂಡು ಎಲ್ಲಿದೆ ಎಂದು ಹುಡುಕುತ್ತಾರೆ ಎಂಬ ಕಾರಣಕ್ಕೆ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಗೂಡು ಏಕೆ ಬೇಕು ಎಂಬುದನ್ನು ವಿವರಿಸಲು ಹೋಗುವುದಿಲ್ಲ. ಗರ್ಭದ 28 ಅಥವಾ 30 ವಾರಕ್ಕೆ ಹುಟ್ಟಿದ ಮಗುವನ್ನು ಬರಿಯ ಹಾಸಿಗೆಯ ಮೇಲೆ ಬಿಟ್ಟರೆ ಭುಜಗಳು ಹಿಂದಕ್ಕೆ ಹೋಗಿ ತೋಳುಗಳು ಇಕ್ಕೆಲಗಳಿಗೆ ಚೆಲ್ಲುವುದನ್ನೂ, ತೊಡೆಗಳು ಕಪ್ಪೆಯ ಕಾಲಿನಂತೆ ಹೊರಕ್ಕೆ ಬಿದ್ದುಕೊಳ್ಳುವುದನ್ನೂ ಎಲ್ಲರೂ ನೋಡಿದ್ದೇವೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಮಗುವಿನ ಭಂಗಿಗೆ ಅಂಕ ಕೊಡುವ ಐಪ್ಯಾಟ್ ಹಾಳೆಯಲ್ಲಿ 12ಕ್ಕೆ 10 ಅಥವಾ 11 ಅಂಕ ಬರೆದು ಸಂತೋಷಪಡುತ್ತಿದ್ದೆ. ಒಮ್ಮೆ ಬೇರೆ ಕೆಲಸಕ್ಕಾಗಿ ರಾತ್ರಿ ಎರಡರ ಸುಮಾರಿಗೆ ಘಟಕದಲ್ಲಿದ್ದಾಗ ಅದೇ ಮಕ್ಕಳಿಗೆ ಅಂಕ ಹಾಕಿದರೆ 4, 5 ಬಂತು. ಹಗಲಿನ ಅಂಕ ಅಳೆಯುತ್ತಿದ್ದದ್ದು ನನ್ನ ಕೈಚಳಕವನ್ನೇ ಹೊರತು ಮಗುವಿನ ದಿನವನ್ನಲ್ಲ. ಅಂದಿನಿಂದ ರಾತ್ರಿಯ ಅಂಕವನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ.

ಸೋತ ವಸ್ತುಗಳ ಪಟ್ಟಿ ಉದ್ದವಾಗಿದೆ. ಟವೆಲ್ ಸುರುಳಿ ಬಿಚ್ಚಿಕೊಳ್ಳುತ್ತದೆ. ಅಂಟುಪಟ್ಟಿ ಹಾಕಿದರೆ ಬಿಚ್ಚುವುದಿಲ್ಲ, ಆದರೆ ಅದರ ಅಂಚು ಮಗುವಿನ ಚರ್ಮಕ್ಕೆ ತಾಗುವ ಸಾಧ್ಯತೆ ಇದ್ದೇ ಇರುತ್ತದೆ. ಆ ಚರ್ಮ ಎಷ್ಟು ತೆಳುವೆಂದು ನಾನು ಹೇಳಬೇಕಾಗಿಲ್ಲ. ಬ್ಯಾಂಡೇಜಿನಿಂದ ಕಟ್ಟಿದಾಗ ಗಟ್ಟಿಯಾಗಿ ನಿಂತಿತು, ಆದರೆ ಒಬ್ಬರು ಗಂಟು ಬಿಚ್ಚಿದ ಮೇಲೆ ಮತ್ತೊಬ್ಬರು ಕಟ್ಟಲಿಲ್ಲ. ಸ್ಪಂಜಿನ ಮೇಲೆ ಬಹಳ ಭರವಸೆ ಇಟ್ಟಿದ್ದೆ. ಆಕಾರ ಸ್ವಲ್ಪವೂ ಕೆಡಲಿಲ್ಲ. ಆದರೆ ಮಗು ಒದ್ದಾಗ ಸ್ಪಂಜು ಚಿಮ್ಮಿ ಹಿಂದಕ್ಕೆ ತಳ್ಳುತ್ತದೆ, ಅದಕ್ಕೆ ಪ್ರತಿಯಾಗಿ ಮಗು ಇನ್ನಷ್ಟು ಜೋರಾಗಿ ಕಾಲು ಚಾಚುತ್ತದೆ, ಹೀಗೆ ನಾವು ಕಡಿಮೆ ಮಾಡಬೇಕೆಂದಿದ್ದ ಚಲನೆಯನ್ನೇ ಗಂಟೆಗಟ್ಟಲೆ ಅಭ್ಯಾಸ ಮಾಡಿಸಿದಂತಾಗುತ್ತದೆ. ಒಗೆದರೆ ಎರಡು ದಿನವಾದರೂ ಒಣಗುವುದಿಲ್ಲ ಎಂಬುದು ಬೇರೆ ಮಾತು. ಥರ್ಮೋಕೋಲ್ ಮಣಿ ತುಂಬಿದ ಚೀಲ ಮೊದಲ ಗಂಟೆ ಸೊಗಸಾಗಿತ್ತು. ಆಮೇಲೆ ಹಿಮ್ಮಡಿ ತಾಗಿದ ಕಡೆಯಿಂದ ಮಣಿಗಳು ಸರಿದು ಗೋಡೆಯೇ ಇಲ್ಲವಾಯಿತು. ಒಂದು ಚೀಲದ ಹೊಲಿಗೆ ಒಗೆಯುವಾಗ ಬಿಟ್ಟುಕೊಂಡಿದ್ದನ್ನು ಕಂಡ ದಿನವೇ ಎಲ್ಲವನ್ನೂ ಹೊರಗೆ ಹಾಕಿಸಿದೆ, ಏಕೆಂದರೆ ಆ ಮಣಿಗಳು ಮಗುವಿನ ಮೂಗಿನ ಹತ್ತಿರ ಬಂದರೆ ಏನಾಗಬಹುದೆಂದು ಊಹಿಸಲೂ ಇಷ್ಟವಿರಲಿಲ್ಲ. ಕೈಗವಸಿಗೆ ನೀರು ತುಂಬಿ ಇಡುವ ಉಪಾಯವನ್ನು ಬೇರೆಡೆಯಿಂದ ಬಂದ ಸಿಸ್ಟರ್ ಒಬ್ಬರು ಸೂಚಿಸಿದರು. ನೀರು ತಣ್ಣಗಾಗುತ್ತದೆ, ಸೋರಿದರೆ ಹಾಸಿಗೆ ಒದ್ದೆಯಾಗಿ ಮಗುವೂ ತಣ್ಣಗಾಗುತ್ತದೆ. ಒಂದೇ ಸಂಜೆಗೆ ಅದು ಮುಗಿಯಿತು.

ವೆಲ್ಕ್ರೋ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಎಲ್ಲರೂ ಮೊದಲು ಅದನ್ನೇ ಸೂಚಿಸುತ್ತಾರೆ. ಪಟ್ಟಿ ಎಳೆದಾಗ ಬರುವ ಪರ್ರೆನ್ನುವ ಸದ್ದು ಇನ್‌ಕ್ಯುಬೇಟರಿನ ಒಳಗೆ ಹೇಗಿರುತ್ತದೆ ಎಂಬುದನ್ನು ಮಗುವೇ ತೋರಿಸಿಕೊಟ್ಟಿತು. ಆಳವಾದ ನಿದ್ದೆಯಲ್ಲಿದ್ದ ಒಂದೂಕಾಲು ಕಿಲೋ ತೂಕದ ಮಗುವಿನ ಎರಡೂ ತೋಳುಗಳು ಒಮ್ಮೆಲೇ ಹೊರಚಾಚಿದವು, ಬೆರಳುಗಳು ಬಿರಿದವು, ಹಣೆ ಸುಕ್ಕಾಯಿತು, ಮಾನಿಟರಿನಲ್ಲಿ ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಇಳಿಯತೊಡಗಿ ಮತ್ತೆ ಮೇಲೇರಲು ಒಂದೆರಡು ನಿಮಿಷ ಹಿಡಿಯಿತು. ದಿನಕ್ಕೆ ಎಂಟು ಹತ್ತು ಬಾರಿ ಇದನ್ನು ಮಾಡುವುದಾದರೆ ಗೂಡು ಇಲ್ಲದಿರುವುದೇ ಮೇಲು.

ಇನ್ನು ಹಣದ ವಿಷಯ. ಮಗುವಿನ ಭಂಗಿ ಹಿಡಿದಿಡಲು ಮಾರುಕಟ್ಟೆಯಲ್ಲಿ ಸಿಗುವ ಸಿದ್ಧ ಪೊಸಿಷನರ್‌ಗಳು ಕೆಟ್ಟವಲ್ಲ. ಮಾದರಿಗೆಂದು ಬಂದ ಎರಡನ್ನು ಕೆಲವು ವಾರ ಬಳಸಿದ್ದೇವೆ. ಆದರೆ ಅವುಗಳಲ್ಲಿ ಒಂದರ ಬೆಲೆಗೆ ನಮ್ಮ ಬಟ್ಟೆಯ ಗೂಡುಗಳು, ನೆನಪಿನಿಂದ ಹೇಳುವುದಾದರೆ, ಇಪ್ಪತ್ತೈದು ಮೂವತ್ತು ಆಗುತ್ತವೆ. ಒಂದು ಒಗೆಯಲು ಹೋದಾಗ ಬಳಸಲು ಇನ್ನೊಂದು ಬೇಕು, ಅಂದರೆ ಹಾಸಿಗೆಗೆ ಎರಡರಂತೆ ಕೊಳ್ಳಬೇಕು. ಖರೀದಿ ವಿಭಾಗಕ್ಕೆ ಕೊಟ್ಟ ಮನವಿ ಎರಡು ಬಜೆಟ್‌ಗಳಲ್ಲಿ ಹಿಂದಿರುಗಿ ಬಂತು. ಮೊದಲ ಒಂದು ಡಜನ್ ಗೂಡುಗಳ ಬಟ್ಟೆ ಮತ್ತು ಹೊಲಿಗೆಯ ಖರ್ಚನ್ನು ನಾನೇ ಭರಿಸಿದೆ. ಬಟ್ಟೆಗಿಂತ ಹೊಲಿಗೆಯ ಕೂಲಿ ಹೆಚ್ಚಾಯಿತು, ಸುಮಾರು ಮೂರರಲ್ಲಿ ಎರಡು ಪಾಲು ಅದಕ್ಕೇ ಹೋಯಿತು. ಆಮೇಲೆ ಇನ್ನೊಂದು ಸೋರಿಕೆ ಕಾಣಿಸಿತು. ಲಾಂಡ್ರಿಗೆ ಹೋದವುಗಳಲ್ಲಿ ಮೂರನೆಯ ಒಂದು ಭಾಗ ಮರಳಿ ಬರಲೇ ಇಲ್ಲ. ಬೇರೆ ವಾರ್ಡಿನಲ್ಲಿ ಯಾರದೋ ಮಂಡಿಯ ಕೆಳಗಿನ ದಿಂಬಾಗಿದ್ದವು. ಗಾತ್ರವನ್ನು ಗುರುತಿಸಲೆಂದು ಅಂಚಿಗೆ ಒಂದು, ಎರಡು, ಮೂರು ಸಾಲು ದಪ್ಪ ಬಣ್ಣದ ಹೊಲಿಗೆ ಹಾಕಿಸಿದ ಮೇಲೆ, ಅದು ನಮ್ಮದೆಂದು ದೂರದಿಂದಲೇ ತಿಳಿಯುವಂತಾಗಿ ನಷ್ಟ ಬಹುತೇಕ ನಿಂತಿತು. ಬಣ್ಣದ ನೂಲಿಗೆ ಆದ ಖರ್ಚಿನಷ್ಟು ಲಾಭ ತಂದುಕೊಟ್ಟ ಖರ್ಚು ಇಡೀ ಪ್ರಯೋಗದಲ್ಲಿ ಇನ್ನೊಂದಿಲ್ಲ.

ಕೊನೆಗೆ ನಿಂತ ವಿಧಾನ ಹೀಗಿದೆ. ಒಳಗೆ ತುಂಬುವುದು ಏನೂ ಇಲ್ಲ. ಫ್ಲಾನೆಲ್ ಬಟ್ಟೆಯ ಎರಡು ತುಂಡುಗಳನ್ನು ಬಿಗಿಯಾಗಿ ಸುತ್ತಿ ಹತ್ತಿಯ ಉದ್ದನೆಯ ಗವಸಿನೊಳಗೆ ತೂರಿಸುತ್ತೇವೆ. ಒಗೆಯುವಾಗ ಎಲ್ಲವೂ ಬೇರೆಯಾಗಿ ಹಾಳೆಯಂತೆ ಹರಡಿಕೊಳ್ಳುವುದರಿಂದ ಚೆನ್ನಾಗಿ ಒಗೆಯಲು ಬರುತ್ತದೆ, ಬೇಗ ಒಣಗುತ್ತದೆ. ಗವಸಿಗೆ ಹಳೆಯ ಹಾಸುಬಟ್ಟೆಯೇ ಸರಿ. ಹೊಸ ಬಟ್ಟೆ ಬಿಸಿನೀರಿನಲ್ಲಿ ನಾಲ್ಕು ಬಾರಿ ಒಗೆಯುವಷ್ಟರಲ್ಲಿ ಕುಗ್ಗಿ, ಸುರುಳಿ ಒಳಗೆ ಹೋಗುವುದೇ ಇಲ್ಲ. ಒಂದು ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಒಂದು ಮೀಟರ್ ಉದ್ದ, ಐದು ಸೆಂಟಿಮೀಟರ್ ದಪ್ಪ. ಒಂದರಿಂದ ಒಂದೂವರೆ ಕಿಲೋವರೆಗೆ ಒಂದು ಮೀಟರ್ ಇಪ್ಪತ್ತು, ದಪ್ಪ ಆರೇಳು. ಅದಕ್ಕಿಂತ ದೊಡ್ಡ ಮಗುವಿಗೆ ಇನ್ನೂ ಇಪ್ಪತ್ತು ಸೆಂಟಿಮೀಟರ್ ಸೇರಿಸಿಕೊಳ್ಳಬಹುದು. ಇವು ಅಂದಾಜು ಅಳತೆಗಳು, ನಿಮ್ಮ ಇನ್‌ಕ್ಯುಬೇಟರಿನ ಹಾಸಿಗೆಗೆ ತಕ್ಕಂತೆ ಬದಲಾಗುತ್ತವೆ.

ಸಾಮಾನ್ಯವಾಗಿ ಸುರುಳಿಯ ಮಧ್ಯಭಾಗವನ್ನು ಪಾದದ ಕಡೆ ಇಟ್ಟು ತುದಿಗಳನ್ನು ತಲೆಯ ಕಡೆ ತರುತ್ತೇವಲ್ಲವೇ? ನಾನು ತಿರುಗಿಸಿದೆ. ಮಧ್ಯಭಾಗ ನೆತ್ತಿಯಿಂದ ಎರಡು ಬೆರಳಿನಷ್ಟು ದೂರದಲ್ಲಿ ಬರುತ್ತದೆ, ಎರಡೂ ತುದಿಗಳು ಪಾದದ ಬಳಿ ಒಂದರ ಮೇಲೊಂದು ಹಾಯುತ್ತವೆ. ಇದರಿಂದ ಪಾದದ ಗೋಡೆ ತಾನಾಗಿಯೇ ಇಮ್ಮಡಿ ದಪ್ಪವಾಗುತ್ತದೆ; ಗಟ್ಟಿ ಇರಬೇಕಾದದ್ದು ಅಲ್ಲಿ ಮಾತ್ರ, ಉಳಿದ ಕಡೆ ಮೃದುವಾಗಿದ್ದರೆ ಸಾಕು. ಅದರ ಮೇಲೆ ಅಡ್ಡಲಾಗಿ ಒಂದು ಚಪ್ಪಟೆ ಪಟ್ಟಿ, ಎರಡೂ ಬದಿಯಲ್ಲಿ ಹಾಸಿಗೆಯ ಕೆಳಗೆ ಸಿಕ್ಕಿಸಿದ್ದು. ಡಯಾಪರ್ ಬದಲಿಸುವವರು ಪಾದದ ಕಡೆಯ ಹಾಯ್ದ ತುದಿಗಳನ್ನು ಮಾತ್ರ ತೆರೆಯುತ್ತಾರೆ, ಕೆಲಸ ಮುಗಿಸಿ ಮುಚ್ಚುತ್ತಾರೆ. ತಲೆ, ಭುಜಗಳ ಕಡೆಯ ಗೋಡೆ ಅಲುಗುವುದೇ ಇಲ್ಲ. ಹಾಯ್ದ ತುದಿಗಳು ಒದೆತಕ್ಕೆ ಜಾರದಂತೆ ಒಂದು ಮಡಿಕೆ ಹಾಕುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಕೈಗೆ ಬಾರದು, ನೋಡಿಯೇ ಕಲಿಯಬೇಕಾದದ್ದು. ಪಟ್ಟಿಯ ಅಗಲವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿರುತ್ತೇನೆ.

ಭುಜಗಳ ಹಿಂದೆ ಎರಡೂ ಬದಿಗೆ ತೆಳುವಾದ ಮಡಿಕೆಗಳು ಬೇಕು, ಆದರೆ ಅವು ಕುತ್ತಿಗೆಯ ಕೆಳಗೆ ಸರಿಯಬಾರದು. ಒತ್ತಡದ ಗಾಳಿಯಿಂದ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಮೇಲಿರುವ ಮಗುವಿಗೆ ಕೊಳವೆಯ ಭಾರವೇ ತಲೆಯನ್ನು ಒಂದು ಕಡೆಗೆ ಎಳೆಯುವುದರಿಂದ ಮೊದಲು ಕೊಳವೆಗೆ ಆಸರೆ ಕೊಟ್ಟು ಆಮೇಲೆ ಗೂಡನ್ನು ಸರಿಪಡಿಸಬೇಕು. ಮೇಲಿನಿಂದ ಶಾಖ ಕೊಡುವ ವಾರ್ಮರ್ ಕೆಳಗೆ ಮಲಗಿಸಿದಾಗ ಒಂದು ಎಚ್ಚರ: ತಾಪಮಾನದ ಪ್ರೋಬ್ ಬಟ್ಟೆಯ ಅಡಿಗೆ ಹೋದರೆ ಅದು ಚರ್ಮ ಬೆಚ್ಚಗಿದೆ ಎಂದು ತಪ್ಪಾಗಿ ತಿಳಿಸುತ್ತದೆ, ಯಂತ್ರ ತನ್ನ ಶಾಖವನ್ನು ತಗ್ಗಿಸುತ್ತದೆ, ಮಗು ತಣ್ಣಗಾಗುತ್ತದೆ. ಆದ್ದರಿಂದ ಪ್ರೋಬ್, ಹೊಕ್ಕುಳಿನ ಕ್ಯಾತಿಟರ್ (ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ) ಮತ್ತು ಡ್ರಿಪ್ ಹಾಕಿದ ಜಾಗ, ಈ ಮೂರೂ ಯಾವಾಗಲೂ ಕಣ್ಣಿಗೆ ಕಾಣುವಂತಿರಬೇಕೆಂಬುದು ನಮ್ಮಲ್ಲಿ ಕಟ್ಟುನಿಟ್ಟು.

ಇಷ್ಟಾದರೂ ವಸ್ತುವಿನಿಂದ ಅರ್ಧ ಕೆಲಸ ಮಾತ್ರ ಆಗಿತ್ತು. ಉಳಿದರ್ಧ ಸಿಸ್ಟರ್‌ಗಳ ಕೈಯಲ್ಲಿತ್ತು. ತರಬೇತಿ ಎಂದು ಸ್ಲೈಡುಗಳನ್ನು ತೋರಿಸಿದಾಗ ಎಲ್ಲರೂ ತಲೆಯಾಡಿಸಿದರು, ರಾತ್ರಿಯ ಅಂಕ ಮಾತ್ರ 6ರ ಆಸುಪಾಸಿನಲ್ಲೇ ಉಳಿಯಿತು. ಗೂಡನ್ನು ಮತ್ತೆ ಕಟ್ಟಲು ಎಷ್ಟು ಹೊತ್ತು ಬೇಕೆಂದು ನಿಂತು ನೋಡಿದೆ: ಮೊದಲ ಮಾದರಿಗೆ ನಾಲ್ಕೈದು ನಿಮಿಷ. ಒಬ್ಬರೇ ಮೂರು ನಾಲ್ಕು ಮಕ್ಕಳನ್ನು ನೋಡಿಕೊಳ್ಳುವಾಗ ಯಾರಿಗೆ ಅಷ್ಟು ಸಮಯವಿದೆ? ಪಾದದ ಕಡೆ ತೆರೆಯುವ ಮಾದರಿಗೆ ಅರ್ಧ ನಿಮಿಷ ಸಾಕಾಯಿತು, ರಾತ್ರಿಯ ಅಂಕ ಕೆಲವೇ ವಾರಗಳಲ್ಲಿ 9, 10ಕ್ಕೆ ಏರಿತು. ಗೂಡಿನ ಗುಣಮಟ್ಟವನ್ನು ಬಟ್ಟೆಯಿಂದಲ್ಲ, ದಣಿದ ಕೈಗಳು ಅದನ್ನು ಮತ್ತೆ ಮುಚ್ಚಲು ಎಷ್ಟು ಕ್ಷಣ ಬೇಕು ಎಂಬುದರಿಂದ ಅಳೆಯಬೇಕೆಂದು ಅಂದಿನಿಂದ ಹೇಳುತ್ತಾ ಬಂದಿದ್ದೇನೆ.

ವೈದ್ಯರ ಸಂಶಯಗಳು ಬೇರೆ ಬಗೆಯವು. ಗೂಡು ಚಲನೆಗಳನ್ನು ಕಟ್ಟಿಹಾಕುತ್ತದೆ ಎಂದು ಒಬ್ಬ ಹಿರಿಯರು ಬಲವಾಗಿ ನಂಬಿದ್ದರು. 2007ರಲ್ಲಿ ಇಟಲಿಯ ಫೆರಾರಿ ಮತ್ತು ಸಂಗಡಿಗರು ಗೂಡಿನ ಒಳಗೂ ಹೊರಗೂ ಅವಧಿಪೂರ್ವ ಮಕ್ಕಳ ಚಲನೆಯನ್ನು ಗಮನಿಸಿ, ಗೂಡಿನಲ್ಲಿ ಮಣಿಕಟ್ಟಿನ ನಯವಾದ ಚಲನೆಗಳೂ ಕೈಗಳು ನಡುಮಧ್ಯಕ್ಕೆ ಬರುವುದೂ ಹೆಚ್ಚೆಂದು ವರದಿ ಮಾಡಿದ ಲೇಖನವನ್ನು ಅವರ ಮೇಜಿನ ಮೇಲಿಟ್ಟೆ. ಅದು ಅಲ್ಲೇ ಉಳಿಯಿತು. ಅವರ ಮನಸ್ಸು ಬದಲಾದದ್ದು ತಾವೇ ನಿಂತು ನೋಡಿದ ಮೇಲೆ. ಮಗು ಕಾಲು ಚಾಚಿತು, ಹೆಬ್ಬೆರಳು ಗೋಡೆಗೆ ತಾಗಿತು, ಒಂದು ಕ್ಷಣ ಒತ್ತಿ ಹಿಡಿದು ಮೊಣಕಾಲನ್ನು ತಾನೇ ಮಡಿಚಿಕೊಂಡಿತು, ಆ ಬೆನ್ನಿಗೇ ಬಲಗೈ ಕೆನ್ನೆಯ ಮೇಲೆ ಜಾರಿ ಬಾಯಿಯ ಮೂಲೆಗೆ ಬಂದು ನಿಂತಿತು. ಸೋಂಕು ನಿಯಂತ್ರಣದವರ ಪ್ರಶ್ನೆ ನ್ಯಾಯವಾದದ್ದಾಗಿತ್ತು. 71 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಕನಿಷ್ಠ 25 ನಿಮಿಷ ಒಗೆತ, ಒಂದು ಮಗುವಿನದನ್ನು ಇನ್ನೊಂದಕ್ಕೆ ಒಗೆಯದೆ ಕೊಡದಿರುವುದು, ಕೊಳೆಯಾದರೆ ತಕ್ಷಣ ಬದಲಾವಣೆ, ಇಷ್ಟಕ್ಕೆ ಅವರು ಒಪ್ಪಿದರು.

ನಡುವೆ ಕೆಲವು ಉಪಪ್ರಯೋಗಗಳೂ ನಡೆದವು. ಎನ್‌ಐಸಿಯುನಲ್ಲಿ ಸದ್ದು 45 ಡೆಸಿಬಲ್ ಮೀರಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1997ರಲ್ಲೇ ಹೇಳಿದೆ. ದಪ್ಪ ಗೋಡೆಯ ಗೂಡು ಸದ್ದನ್ನು ತಗ್ಗಿಸಬಹುದೇ ಎಂದು ಮೀಟರ್ ತರಿಸಿ ಅಳೆದೆ. ಗೂಡಿನಿಂದಾಗಲಿ ಮೇಲ್ಹೊದಿಕೆಯಿಂದಾಗಲಿ ಮೋಟಾರಿನ ಗುಂಯ್‌ಗುಡುವಿಕೆ ಇಳಿಯಲಿಲ್ಲ. ಆದರೆ ಇನ್‌ಕ್ಯುಬೇಟರಿನ ಕಿಟಕಿಯ ಬಾಗಿಲನ್ನು ತಳ್ಳಿ ಮುಚ್ಚಿದಾಗ ಮುಳ್ಳು 80 ದಾಟಿದ್ದನ್ನು ಎಲ್ಲರಿಗೂ ತೋರಿಸಿದ ಮೇಲೆ, ಬಾಗಿಲನ್ನು ಒತ್ತಿ ಹಿಡಿದು ಮೆಲ್ಲನೆ ಮುಚ್ಚುವ ಅಭ್ಯಾಸ ಬಂತು. ಹಾಲಿನ ಬಾಟಲಿಯನ್ನು ಇನ್‌ಕ್ಯುಬೇಟರಿನ ನೆತ್ತಿಯ ಮೇಲೆ ಇಡುವುದೂ ನಿಂತಿತು. ಹೆಣೆದ ಆಕ್ಟೋಪಸ್ ಗೊಂಬೆಯನ್ನೂ ಕೆಲವು ದಿನ ಇಟ್ಟು ನೋಡಿದೆವು. ಎಳೆ ಬಿಟ್ಟುಕೊಂಡು ಬೆರಳಿಗೆ ಸುತ್ತಿಕೊಳ್ಳುವ ಭಯವೇ ಹೆಚ್ಚಾಗಿ ಬಿಟ್ಟುಬಿಟ್ಟೆವು. ಹೆಚ್ಚು ಫಲ ಕೊಟ್ಟದ್ದು ಹಾಲೂಡಿಸುವ ಹೊತ್ತಿನ ಪ್ರಯೋಗ. ಗರ್ಭದ ಲೆಕ್ಕದಲ್ಲಿ 34 ವಾರದ ಆಸುಪಾಸಿನಲ್ಲಿ ಬಾಯಿಯಿಂದ ಹಾಲು ಆರಂಭಿಸುವಾಗ, ಗೂಡಿನ ಒಂದು ಫ್ಲಾನೆಲ್ ತುಂಡನ್ನೇ ಬಿಚ್ಚಿ, ಕೈಗಳು ಎದೆಯ ನಡುವೆ ಬರುವಂತೆ ಸಡಿಲವಾಗಿ ಸುತ್ತಿ, ತಲೆ ಸ್ವಲ್ಪ ಎತ್ತರವಿರುವಂತೆ ಮಗ್ಗುಲಾಗಿ ಹಿಡಿದು, ನಾಲ್ಕೈದು ಚೀಪುವಿಕೆಗೊಮ್ಮೆ ಬಾಟಲಿಯನ್ನು ತಗ್ಗಿಸಿ ಉಸಿರಿಗೆ ಬಿಡುವು ಕೊಟ್ಟರೆ, ಸ್ಯಾಚುರೇಷನ್ ಇಳಿಯುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಪರಿಚಿತ ಬಟ್ಟೆಯ ವಾಸನೆಗೆ ಇದರಲ್ಲಿ ಪಾತ್ರವಿದೆ ಎಂಬುದು ನನ್ನ ಊಹೆ, ಅದನ್ನು ಅಳೆದಿಲ್ಲ.

ತಾಯಿಯ ಎದೆಗಿಂತ ಒಳ್ಳೆಯ ಗೂಡನ್ನು ನಾನು ಮಾಡಿಲ್ಲ ಎಂಬುದನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟುಕೊಳ್ಳುವ ಕಾಂಗರೂ ಆರೈಕೆಯನ್ನು ದಿನಕ್ಕೆ 8ರಿಂದ 24 ಗಂಟೆ ಕೊಡುವಂತೆ ಶಿಫಾರಸು ಮಾಡಿತು. ನಮ್ಮಲ್ಲಿ ಅದು ಸರಾಸರಿ ಐದಾರು ಗಂಟೆ ತಲುಪುತ್ತದೆ. ಗೂಡು ಉಳಿದ ಗಂಟೆಗಳಿಗಾಗಿ ಮಾತ್ರ. ಅದು ಮಾನಿಟರ್ ಇರುವ ಮಗುವಿಗಷ್ಟೇ ಸಲ್ಲುವ ಸಾಧನ ಎಂಬುದನ್ನೂ ಮರೆಯಬಾರದು. ಸುಮಾರು 32 ವಾರ ದಾಟಿ ಸ್ಥಿರವಾದ ಮಕ್ಕಳಿಗೆ ಮೊದಲು ಪಟ್ಟಿಯನ್ನು ತೆಗೆಯುತ್ತೇವೆ, ಬಳಿಕ ಸುರುಳಿಯನ್ನು ತೆಳುವಾಗಿಸುತ್ತೇವೆ, ಮನೆಗೆ ಹೋಗುವ ಸಾಕಷ್ಟು ದಿನ ಮೊದಲೇ ಅದನ್ನೂ ತೆಗೆದು ಚಪ್ಪಟೆ ಹಾಸಿಗೆಯಲ್ಲಿ ಅಂಗಾತ ಮಲಗಿಸುತ್ತೇವೆ. ಗೂಡು ಅಭ್ಯಾಸವಾಗಿ ಮಗು ನಿದ್ದೆ ಮಾಡದು ಎಂದು ಹೆದರಿಸಿದವರಿದ್ದರು; ಹಂತಹಂತವಾಗಿ ತೆಗೆದಾಗ ಒಂದೆರಡು ರಾತ್ರಿಯ ಚಡಪಡಿಕೆಗಿಂತ ಹೆಚ್ಚು ತೊಂದರೆ ಕಂಡಿಲ್ಲ. ತಾಯಂದಿರು ಗೂಡನ್ನು ಮನೆಗೆ ಕೇಳುತ್ತಾರೆ. ಕೊಡುವುದಿಲ್ಲ, ಏಕೆ ಎಂಬುದನ್ನು ಕೂರಿಸಿಕೊಂಡು ವಿವರಿಸುತ್ತೇವೆ.

ಇನ್ನೂ ಬಗೆಹರಿಯದಿರುವುದು 800 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳ ಮೊದಲ ಮೂರು ದಿನ. ತಲೆಯನ್ನು ನಡುಮಧ್ಯದಲ್ಲೇ ಇಡಬೇಕಾದ ಆ ದಿನಗಳಲ್ಲಿ ನಮ್ಮ ಚಿಕ್ಕ ಗಾತ್ರವೂ ದೊಡ್ಡದಾಗುತ್ತದೆ, ಗೋಡೆ ಕಿವಿಯ ಮಟ್ಟಕ್ಕಿಂತ ಮೇಲೇಳುತ್ತದೆ. ಮೂರೂವರೆ ಸೆಂಟಿಮೀಟರ್ ದಪ್ಪದ ಒಂದು ಮಾದರಿಯನ್ನು ದರ್ಜಿಗೆ ಕೊಟ್ಟಿದ್ದೇನೆ, ಈ ಬಾರಿ ಖರೀದಿ ವಿಭಾಗದ ಖರ್ಚಿನಲ್ಲಿ.