ಮೋರಿ ಮೇಲೆ ಟೇಪು ಹಿಡಿದು ಕಾರು ಆರಿಸಿದ್ದು

ನಮ್ಮ ಮನೆ ಕೊಡಗಿನ ನಾಪೋಕ್ಲು ಕಡೆ, ತೋಟದ ಒಳಗೆ. ಟಾರು ರಸ್ತೆಯಿಂದ ಅಂಗಳಕ್ಕೆ ಸುಮಾರು 600 ಮೀಟರ್. ಮೊದಲು ಉಬ್ಬಿದ ಒಂದು ಮೋರಿ, ಆಮೇಲೆ ಇಳಿಜಾರು, ಕೊನೆಗೆ ಕಡಿದಾದ ಏರು. ಮಳೆಗಾಲದಲ್ಲಿ ಆ ಏರಿನ ತುಂಬ ಪಾಚಿ. ತೋಟದ ಕೆಲಸಕ್ಕೆ ಜೀಪು ಇದೆ. ಆದರೆ ಅವ್ವನಿಗೆ ಮಂಡಿನೋವು, ಜೀಪು ಹತ್ತುವುದೇ ಕಷ್ಟ. ಮಗಳು ಮೈಸೂರಿನಲ್ಲಿ ಓದುತ್ತಾಳೆ. ಕಾಫಿಗೆ ಒಳ್ಳೆ ಬೆಲೆ ಸಿಕ್ಕಿದ ವರ್ಷ ಒಂದು ಸೆಡಾನ್ ತೆಗೆದುಕೊಳ್ಳೋಣ ಅಂತ ಮನೆಯಲ್ಲಿ ತೀರ್ಮಾನವಾಯಿತು.

ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಕಾರು. ಬಿಎಂಡಬ್ಲ್ಯು ಎಂ340ಐ. ನಾನು ರ‍್ಯಾಲಿಯ ಹುಚ್ಚಿನಲ್ಲೇ ಬೆಳೆದವನು. 1980ರಲ್ಲಿ ಬಂದ ಆಡಿ ಕ್ವಾಟ್ರೊ, ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ರ‍್ಯಾಲಿಯ ಆಟವನ್ನೇ ಬದಲಿಸಿದ ಕತೆ ನನಗೆ ಬಾಯಿಪಾಠ. 2021ರಲ್ಲಿ ನಮ್ಮ ದೇಶಕ್ಕೆ ಬಂದ ಎಂ340ಐಯಲ್ಲೂ ಅದೇ ಆಲ್ ವೀಲ್ ಡ್ರೈವ್. ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, 387 ಹಾರ್ಸ್‌ಪವರ್, 100 ಕಿ.ಮೀ. ವೇಗಕ್ಕೆ 4.4 ಸೆಕೆಂಡ್. ಹೊಸದರ ಶೋರೂಂ ಬೆಲೆ 70 ಲಕ್ಷ ದಾಟಿತ್ತು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ. 18. ಅಂದರೆ ತೆರಿಗೆಯೇ 12 ಲಕ್ಷಕ್ಕಿಂತ ಜಾಸ್ತಿ! ಅಷ್ಟರಲ್ಲಿ ಸಾಧಾರಣ ಸೆಡಾನ್‌ನ ಕೆಳಗಿನ ಮಾಡೆಲ್ಲೇ ಬರುತ್ತದೆ. ಹಾಗಾಗಿ ಮೂರು ವರ್ಷ ಓಡಿದ ಗಾಡಿ ಹುಡುಕತೊಡಗಿದೆ.

ಅಷ್ಟರಲ್ಲಿ ಭಾವನ ಗೆಳೆಯರೊಬ್ಬರು ಅದೇ ಕಾರಿನಲ್ಲಿ ಜುಲೈ ತಿಂಗಳಲ್ಲಿ ಮಡಿಕೇರಿಗೆ ಬಂದರು. ಸಂಪಾಜೆವರೆಗೆ ಓಡಿಸಿ ನೋಡು ಅಂತ ಕೀಲಿ ಕೊಟ್ಟರು. ಸುರಿಯುವ ಮಳೆ. ವಾಪಸ್ ಬರುವಾಗ ಘಾಟಿ ಹತ್ತಿದ ಆ ಅರ್ಧ ಗಂಟೆ ನಾನು ಮರೆಯುವುದಿಲ್ಲ. ತಿರುವು ಮುಗಿಯುತ್ತಿದ್ದಂತೆ ಆಕ್ಸಿಲರೇಟರ್ ಒತ್ತಿದರೆ ಚಕ್ರ ಸ್ವಲ್ಪವೂ ಜಾರುವುದಿಲ್ಲ. ಹಿಂದಿನಿಂದ ಯಾರೋ ಹಿಡಿದು ನೂಕಿದ ಹಾಗೆ ಮುಂದೆ ಹೋಗುತ್ತದೆ. ಮನಸ್ಸು ಪೂರ್ತಿ ಸೋತಿತ್ತು.

ಆದರೆ ಇಳಿಯುವಾಗ ಬೇರೆಯದೇ ಒಂದು ಪಾಠ ಕಲಿತಿದ್ದೆ. ಒಂದು ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಬ್ರೇಕ್ ಒತ್ತಿದೆ. ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕಾಲಿನ ಕೆಳಗೆ ಗಡಗಡ ಅಂದಿತು, ಕಾರು ನಾನು ಅಂದುಕೊಂಡದ್ದಕ್ಕಿಂತ ಮುಂದೆ ಹೋಗಿ ನಿಂತಿತು. ಆಲ್ ವೀಲ್ ಡ್ರೈವ್ ಎಂಜಿನ್ನಿನ ಬಲವನ್ನು ಹಂಚುತ್ತದೆ, ಅಷ್ಟೇ. ಬ್ರೇಕ್ ಅಂತೂ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೂ ಇದ್ದೇ ಇದೆ, ಅಲ್ವಾ? ನಿಲ್ಲಿಸುವುದು ಟಯರು. ಮೇಲಾಗಿ ಈ ಕಾರು ಸಾಧಾರಣ ಸೆಡಾನ್‌ಗಿಂತ ನಾಲ್ಕು ಕ್ವಿಂಟಾಲ್‌ಗೂ ಜಾಸ್ತಿ ಭಾರ. 50 ಕೆ.ಜಿ.ಯ ಎಂಟು ಚೀಲ ಕಾಫಿ ಹೇರಿಕೊಂಡು ಘಾಟಿ ಇಳಿದ ಹಾಗೆ.

ಮರುದಿನ ಟೇಪು ಹಿಡಿದು ನಮ್ಮ ಮೋರಿ ಹತ್ತಿರ ಹೋದೆ. ಎರಡು ಬದಿಗೂ ಗೂಟ ನೆಟ್ಟು ದಾರ ಕಟ್ಟಿದೆ. ಮುಂದಿನ ಚಕ್ರ ಒಂದು ಬದಿ, ಹಿಂದಿನ ಚಕ್ರ ಇನ್ನೊಂದು ಬದಿ ಇದ್ದಾಗ ನಡುವಿನ ಉಬ್ಬು ಎಷ್ಟು ಮೇಲೆ ಬರುತ್ತದೆ ಅಂತ ಅಳೆಯಬೇಕಿತ್ತು. ಬರೀ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ಹೊಟ್ಟೆ ಎಷ್ಟು ಎತ್ತರ ಅನ್ನುವುದನ್ನು ನೋಡಿದರೆ ಸಾಲದು. ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ ಜಾಸ್ತಿಯಾದಷ್ಟೂ ಹೊಟ್ಟೆ ತಾಗುವುದು ಬೇಗ. ಎಂ340ಐಯಲ್ಲಿ ಆ ಅಂತರ 2851 ಮಿ.ಮೀ., ಸಾಧಾರಣ ಸೆಡಾನ್ ಆದ ಸ್ಕೋಡಾ ಸ್ಲಾವಿಯಾದಲ್ಲಿ 2651. ಸ್ಲಾವಿಯಾದ ಗ್ರೌಂಡ್ ಕ್ಲಿಯರೆನ್ಸ್ 179 ಮಿ.ಮೀ. ಬಿಎಂಡಬ್ಲ್ಯು ಅದಕ್ಕಿಂತ ಎಷ್ಟೋ ತಗ್ಗು. ನನ್ನ ದಾರ ಸ್ಪಷ್ಟವಾಗಿ ಹೇಳಿತು: ಅದು ನಮ್ಮ ಮೋರಿ ದಾಟುವುದಿಲ್ಲ.

ಟಯರಿನ ವಿಷಯವೂ ಇದೆ. ಮಳೆ ಮುಗಿಯುವ ಹೊತ್ತಿಗೆ ನಮ್ಮ ರಸ್ತೆಗಳ ಅಂಚಿನ ಟಾರು ಮುರಿದು ಕತ್ತಿಯ ಹಾಗೆ ನಿಂತಿರುತ್ತದೆ. ಪಕ್ಕ ಕುಯ್ದ ಟಯರಿಗೆ ಪ್ಯಾಚ್ ಹಾಕಲು ಆಗುವುದಿಲ್ಲ. ಆ ಕಾರಿನಲ್ಲಿ ಟಯರಿನ ಪಕ್ಕ ತೀರಾ ತೆಳು, ಹಿಂದಿನ ಟಯರು ಮುಂದಿನದಕ್ಕಿಂತ ಅಗಲ. ಆಲ್ ವೀಲ್ ಡ್ರೈವ್‌ನಲ್ಲಿ ಒಂದು ಹೊಸದು, ಉಳಿದವು ಸವೆದದ್ದು ಅಂತ ಹಾಕಿ ಓಡಿಸಿದರೆ ಸುತ್ತಳತೆಯ ವ್ಯತ್ಯಾಸ ಬಲ ಹಂಚುವ ಒಳಗಿನ ಕ್ಲಚ್ಚಿಗೆ ಹೊರೆ.

ಸಾಧಾರಣ ಕಾರುಗಳಲ್ಲಿ ಹೋಂಡಾ ಸಿಟಿ, ವರ್ನಾ, ವರ್ಟಸ್, ಸ್ಲಾವಿಯಾ ನೋಡಿದೆ. ಸಿಟಿಯ ಎಂಜಿನ್ ತುಂಬ ನಯ. ಆದರೆ ಅದರ 145 ಎನ್ಎಂ ಟಾರ್ಕ್, ಅಂದರೆ ಎಳೆಯುವ ಬಲ, ಪೂರ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ 4300 ಸುತ್ತು (ಆರ್‌ಪಿಎಂ) ತಿರುಗಿದಾಗ. ಐದು ಜನ ಕೂತು ಸುಂಟಿಕೊಪ್ಪದಿಂದ ಮಡಿಕೇರಿ ಹತ್ತುವಾಗ ಗೇರ್ ಇಳಿಸುತ್ತಲೇ ಇರಬೇಕು. ಸ್ಲಾವಿಯಾದ 1.5 ಟರ್ಬೊ 250 ಎನ್ಎಂ ಕೊಡುತ್ತದೆ, ಅದೂ 1600 ಆರ್‌ಪಿಎಂನಿಂದಲೇ. ಡಿಕ್ಕಿ 521 ಲೀಟರ್. ಮ್ಯಾನುಯಲ್ ಗೇರಿನದ್ದನ್ನು ತೆಗೆದುಕೊಂಡೆ. 150 ಹಾರ್ಸ್‌ಪವರ್ ನಮಗೆ ಧಾರಾಳ. ತಿತಿಮತಿ ದಾಟಿ ಕಾಡಿನ ದಾರಿಯಲ್ಲಿ ಯಾವ ತಿರುವಿನಲ್ಲಿ ಆನೆ ನಿಂತಿದೆಯೋ ಗೊತ್ತಿಲ್ಲದಿರುವಾಗ 387 ಇಟ್ಟುಕೊಂಡು ಏನು ಮಾಡಲಿ?

ಆಲ್ ವೀಲ್ ಡ್ರೈವ್ ಇಲ್ಲದ ಕೊರತೆ ಕಾಡಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಮೊದಲ ಜೂನ್‌ನಲ್ಲೇ ಕಾರು ಮನೆಯ ಏರಿನಲ್ಲಿ ನಿಂತುಬಿಟ್ಟಿತು. ಏರು ಹತ್ತುವಾಗ ಭಾರ ಹಿಂದಕ್ಕೆ ಹೋಗುತ್ತದೆ, ಎಳೆಯುವ ಮುಂದಿನ ಚಕ್ರ ಹಗುರಾಗಿ ಪಾಚಿಯ ಮೇಲೆ ಸುಮ್ನೆ ತಿರುಗುತ್ತದೆ. ಕಾರನ್ನು ಕೆಳಗೆ ತಂದು, ತಿರುಗಿಸಿ, ರಿವರ್ಸ್‌ನಲ್ಲಿ ಹತ್ತಿಸಿದೆ. ಆಗ ಎಳೆಯುವ ಚಕ್ರ ಕೆಳಗಿನ ಬದಿಗೆ ಬರುತ್ತದೆ, ಭಾರ ಅದರ ಮೇಲೇ ಕೂರುತ್ತದೆ. ಅವ್ವ ಹಿಂದಿನ ಸೀಟಿನಲ್ಲಿ ಕೂತು, “ನಿಧಾನ ಮಗ, ನಿಧಾನ” ಅನ್ನುತ್ತಿದ್ದರು.

ಮಳೆ ನಿಂತ ಮೇಲೆ ಆ ಏರಿಗೆ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿದೆ. ಪ್ರತಿ ಪಟ್ಟಿ ಎರಡು ಅಡಿ ಅಗಲ, ನಡುವೆ ಹುಲ್ಲು. ಕಾಂಕ್ರೀಟ್ ಹಸಿ ಇರುವಾಗಲೇ ಅಡ್ಡಕ್ಕೆ ಗೆರೆ ಎಳೆಸಿದೆ, ನೀರು ಹರಿಯಲು, ಟಯರು ಹಿಡಿಯಲು. ಮೇ ತಿಂಗಳ ಕೊನೆಗೆ ಅದನ್ನು ಗಟ್ಟಿ ಪೊರಕೆಯಲ್ಲಿ ಉಜ್ಜಿಸುತ್ತೇನೆ. ಅದೇ ದಿನ ಟಯರಿನ ಗೀರಿನ ಆಳವನ್ನೂ ಅಳೆಯುತ್ತೇನೆ. ಕಾನೂನು 1.6 ಮಿ.ಮೀ.ವರೆಗೆ ಬಿಡುತ್ತದೆ. ನಮ್ಮ ಮಳೆಗೆ ಅದು ಸಾಲದು, 3 ಮಿ.ಮೀ.ಗೆ ಇಳಿದರೆ ನಾನು ನಾಲ್ಕನ್ನೂ ಬದಲಾಯಿಸುತ್ತೇನೆ.