ಮೇಜಿನ ಮೇಲೆ ಉಳಿದ ಅಧ್ಯಾಯಗಳು

ವಿಶ್ವವಿದ್ಯಾಲಯದ ಪಿಎಚ್‌.ಡಿ. ವಿಭಾಗದ ಹೊಣೆ ನನ್ನ ಹೆಗಲಿಗೆ ಬಂದ ವಾರ ನಾನು ತರಿಸಿಕೊಂಡ ಮೊದಲ ಕಡತ ಅವಧಿ ವಿಸ್ತರಣೆಯ ಅರ್ಜಿಗಳದು. ಹೆಚ್ಚಿನವುಗಳಲ್ಲಿ ಒಂದೇ ಸಾಲು: ‘ಅನಿವಾರ್ಯ ಕಾರಣಗಳಿಂದ’. ಆ ಕಾರಣ ಯಾವುದೆಂದು ತಿಳಿಯಲು ಸಂಶೋಧನಾರ್ಥಿಗಳನ್ನು ಒಬ್ಬೊಬ್ಬರಾಗಿ ಕರೆಸಿ ಮಾತನಾಡಿಸಿದೆ. ಹೆರಿಗೆ, ತಂದೆಯ ಕಾಯಿಲೆ, ಅತಿಥಿ ಉಪನ್ಯಾಸಕರ ಕೆಲಸದ ಓಡಾಟ ಎಲ್ಲವೂ ಇದ್ದವು. ಆದರೆ ಹಲವರು ಕೊನೆಗೆ, ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ತಿರುಗಿ ನೋಡಿ, ಹೇಳಿದ್ದು ಒಂದೇ ಮಾತು: “ಅಧ್ಯಾಯ ಗೈಡ್ ಹತ್ತಿರ ಇದೆ, ಮೇಡಂ.” ಗೈಡ್ ಎಂದರೆ ಸಂಶೋಧನೆಯ ಮಾರ್ಗದರ್ಶಕ. ತಿದ್ದಿಕೊಡಲೆಂದು ಒಬ್ಬಳು ಕೊಟ್ಟಿದ್ದ ಮಹಾಪ್ರಬಂಧದ ಎರಡನೆಯ ಅಧ್ಯಾಯ ಹನ್ನೊಂದು ತಿಂಗಳಿಂದ ಅವರ ಮೇಜಿನ ಮೇಲೆ ಹಾಗೆಯೇ ಇತ್ತು.

ಸಿಟ್ಟಿನಲ್ಲಿಯೇ ಆ ಗೈಡನ್ನು ಕಾಣಲು ಹೋದೆ. ಅವರು ಸೋಮಾರಿಯಲ್ಲ, ತರಗತಿ ತಪ್ಪಿಸದ, ಒಳ್ಳೆಯ ಲೇಖನಗಳನ್ನು ಬರೆದ ಅಧ್ಯಾಪಕ. “ಮೂರು ಸಲ ಓದಿದ್ದೇನೆ. ಎಲ್ಲೋ ಸರಿಯಿಲ್ಲ ಎಂದು ತಿಳಿಯುತ್ತದೆ, ಏನು ಬರೆದುಕೊಡಬೇಕೆಂದು ತೋಚುವುದಿಲ್ಲ. ನನ್ನ ಗೈಡ್ ಸಹಿ ಮಾಡಿ ಕೊಡುತ್ತಿದ್ದರು, ಅಷ್ಟೇ,” ಎಂದರು. ನನ್ನ ಸಿಟ್ಟು ಅಲ್ಲಿಯೇ ಇಳಿಯಿತು.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ ಸಂಶೋಧನಾರ್ಥಿ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್, ಅಂದರೆ ಆರಂಭದ ತರಗತಿ ಪಾಠ, ಮಾಡಬೇಕು. ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರಿಗೆ ಏಕಕಾಲದಲ್ಲಿ ಮಾರ್ಗದರ್ಶನ ಮಾಡಬಹುದು. ಗೈಡ್ ಆಗುವುದಕ್ಕೆ ಪಿಎಚ್‌.ಡಿ. ಇರಬೇಕು, ಲೇಖನಗಳು ಇರಬೇಕು. ಬೇರೆಯವರ ಕರಡನ್ನು ಓದಿ ತಿದ್ದುವ ಕೆಲಸ ತಾನಾಗಿಯೇ ಬಂದುಬಿಡುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆಯಾಗಿತ್ತು. ಬಡ್ತಿಗಾಗಿ ಓರಿಯಂಟೇಶನ್, ರಿಫ್ರೆಶರ್ ಶಿಬಿರಗಳಿಗೆ ನಾನೂ ಹೋಗಿದ್ದೇನೆ, ಅಲ್ಲಿ ಕಲಿತದ್ದೂ ಬಹಳವಿದೆ. ಆದರೆ ಒಂದು ಕರಡನ್ನು ಮುಂದಿಟ್ಟುಕೊಂಡು ಕೂರುವ ತರಗತಿ ನನಗೆಲ್ಲೂ ಸಿಕ್ಕಿರಲಿಲ್ಲ.

ಹಾಗಾಗಿ ತಿಂಗಳ ಮೊದಲ ಶನಿವಾರ ಗೈಡ್‌ಗಳ ಸಭೆ ಆರಂಭಿಸಿದೆ. ಮೊದಲ ಸಭೆಗೆ ಹೊರಗಿನಿಂದ ವಿದ್ವಾಂಸರೊಬ್ಬರನ್ನು ಕರೆಸಿ ಉಪನ್ಯಾಸ ಇಟ್ಟೆ. ಚಹಾ ಆದ ಮೇಲೆ ಅರ್ಧ ಸಭಾಂಗಣ ಖಾಲಿಯಾಯಿತು. ಎರಡನೆಯ ಸಲ ಉಪನ್ಯಾಸ ಬಿಟ್ಟು, ನನ್ನದೇ ಹಳೆಯ ಮಹಾಪ್ರಬಂಧದ ಮೊದಲ ಕರಡಿನ ಮೂರು ಪುಟಗಳ ಪ್ರತಿ ಮಾಡಿಸಿ ಹಂಚಿದೆ. ಅರ್ಧ ಗಂಟೆ ಎಲ್ಲರೂ ಮೌನವಾಗಿ ಓದಿ, ಅಂಚಿನಲ್ಲಿ ಬರೆಯಬೇಕು, ಬಳಿಕ ಬರೆದದ್ದನ್ನು ಗಟ್ಟಿಯಾಗಿ ಓದಬೇಕು. “ಭಾಷೆ ಸುಧಾರಿಸಬೇಕು”, “ಇನ್ನೂ ಆಳಕ್ಕೆ ಇಳಿಯಬೇಕು” ಎಂಬ ಟಿಪ್ಪಣಿಗಳೇ ಬಹಳ ಬಂದವು. ಆಗ ಕಿರಿಯ ಅಧ್ಯಾಪಕಿಯೊಬ್ಬರು, “ಇದನ್ನು ಓದಿದ ವಿದ್ಯಾರ್ಥಿ ಸೋಮವಾರ ಬೆಳಿಗ್ಗೆ ಕುಳಿತು ಏನು ಮಾಡಬೇಕು?” ಎಂದು ಕೇಳಿದರು. ಅಂದಿನಿಂದ ನಮ್ಮ ಅಳತೆಗೋಲು ಆ ಪ್ರಶ್ನೆಯೇ. ಇತಿಹಾಸದವರು “ಈ ಮಾತಿಗೆ ಆಧಾರ ಯಾವ ಶಾಸನ?” ಎಂದು ಬರೆಯುವುದನ್ನು ರಸಾಯನಶಾಸ್ತ್ರದವರು ನೋಡಿದರು, ಅವರು “ಈ ಪ್ರಯೋಗ ಎಷ್ಟು ಸಲ ಮಾಡಿದ್ದು?” ಎಂದು ಕೇಳುವುದನ್ನು ಇವರು ನೋಡಿದರು. ಬೇರೆ ಬೇರೆ ವಿಭಾಗದವರನ್ನು ಒಂದೇ ಮೇಜಿಗೆ ಕೂರಿಸಲು ನಾನು ಅಂಜಿದ್ದೆ. ಆದರೆ ವಿಷಯ ಗೊತ್ತಿಲ್ಲದವರೇ ವಾದ ಎಲ್ಲಿ ತುಂಡಾಗಿದೆ ಎಂಬುದನ್ನು ಬೇಗ ಹಿಡಿದರು.

ಒಂದು ಕಡೆ ನಾನು ಎಡವಿದೆ. ಪ್ರತಿ ಸೆಮಿಸ್ಟರ್‌ಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸಬೇಕೆಂಬ ನಿಯಮವಿದೆ. ಅದರ ಜೊತೆಗೆ, ಕರಡು ಕೊಟ್ಟ ದಿನ, ಮರಳಿಸಿದ ದಿನ ನಮೂದಿಸುವ ಒಂದು ಪುಟದ ನಮೂನೆ ಸೇರಿಸಿ, ಮರಳಿಸಲು 15 ದಿನಗಳ ಗಡುವು ಹಾಕಿ ಸುತ್ತೋಲೆ ಹೊರಡಿಸಿದೆ. ಯಾರನ್ನೂ ಕೇಳಿರಲಿಲ್ಲ. “ನಮ್ಮ ಮೇಲೆ ನಂಬಿಕೆ ಇಲ್ಲವೇ?” ಎಂದು ಹಿರಿಯರೊಬ್ಬರು ನೊಂದು ಕೇಳಿದರು. ಅವರ ನೋವು ನ್ಯಾಯವಾದದ್ದೇ. ಸುತ್ತೋಲೆ ಹಿಂಪಡೆದು ಸಭೆಯ ಮುಂದಿಟ್ಟೆ. ಗೈಡ್‌ಗಳೇ ಚರ್ಚಿಸಿ 30 ದಿನ ಎಂದು ಗೊತ್ತುಮಾಡಿದರು. ನನ್ನ 15ಕ್ಕಿಂತ ಆ 30 ಹೆಚ್ಚು ಪಾಲನೆಯಾಗುತ್ತಿದೆ.

ಇನ್ನೊಂದು ಸಣ್ಣ ಕೆಲಸ. ಮಹಿಳಾ ಸಂಶೋಧನಾರ್ಥಿಗಳಿಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಕೊಡಬಹುದೆಂದು ನಿಯಮಾವಳಿಯಲ್ಲಿಯೇ ಇದೆ. ನಾನು ಮಾತನಾಡಿಸಿದ ಅನೇಕರಿಗೆ, ಅವರ ಗೈಡ್‌ಗಳಿಗೂ, ಇದು ತಿಳಿದಿರಲಿಲ್ಲ. ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಪ್ರತಿ ವಿಭಾಗದ ಫಲಕಕ್ಕೆ ಹಾಕಿಸಿದೆ. ಮಗುವನ್ನು ಎತ್ತಿಕೊಂಡೇ ಬಂದು “ಇದು ನಿಜವೇ?” ಎಂದು ಕೇಳಿದವಳ ಮುಖ ಇನ್ನೂ ಕಣ್ಣ ಮುಂದಿದೆ.

ಸಂಯೋಜಿತ ಕಾಲೇಜುಗಳ ಗೈಡ್‌ಗಳನ್ನು ಮಾತ್ರ ನಾನಿನ್ನೂ ಮುಟ್ಟಿಲ್ಲ. ದಿನವಿಡೀ ಪದವಿ ತರಗತಿ, ಮೌಲ್ಯಮಾಪನ, ದಾಖಲಾತಿ ಕೆಲಸ ಮುಗಿಸಿ ಅವರು ಶನಿವಾರ ಬಸ್ ಹತ್ತಿ ನಮ್ಮಲ್ಲಿಗೆ ಬರಬೇಕೆಂದು ಬಯಸುವುದು ಸರಿಯಲ್ಲ. ಮುಂದಿನ ಸಭೆಯನ್ನು ತಾಲ್ಲೂಕು ಕೇಂದ್ರದ ಕಾಲೇಜೊಂದರ ಗ್ರಂಥಾಲಯದಲ್ಲಿ ಇಟ್ಟಿದ್ದೇವೆ. ಹನ್ನೊಂದು ತಿಂಗಳು ಅಧ್ಯಾಯ ಹಿಡಿದುಕೊಂಡಿದ್ದ ಆ ಗೈಡ್ ಈ ಸಲ ಕರಡು ತಾವೇ ತರುತ್ತೇನೆಂದು ಒಪ್ಪಿದ್ದಾರೆ. ಶಿಷ್ಯೆಯ ಅನುಮತಿಯನ್ನೂ ಕೇಳಿ ಪಡೆದಿದ್ದಾರೆ.